ಕೊಲೆ ನಡೆದ ಊರಿನ ಮರುದಿನ

ಸೇಂಟ್ ಮೇರಿ ಮೀಡ್ ಎಂಬುದು ಅಗಾಥಾ ಕ್ರಿಸ್ಟಿಯ ಕಥೆಗಳಲ್ಲಿ ಮಾತ್ರ ಇರುವ ಊರು. ಇಂಗ್ಲೆಂಡಿಗೆ ಹೋಗಿ ಹುಡುಕಿದರೆ ಸಿಕ್ಕದು. ಆದರೆ ಇಲ್ಲಿಯೇ ಕುರ್ಚಿಯಲ್ಲಿ ಕುಳಿತು ಓದುವ ನಮ್ಮಲ್ಲಿ ಅನೇಕರಿಗೆ ಆ ಊರಿನ ದಾರಿ ಚೆನ್ನಾಗಿ ಗೊತ್ತಿದೆ. ಒಂದು ಇಗರ್ಜಿ, ಅದರ ಬಳಿ ಪಾದ್ರಿಯ ಮನೆ, ಆ ಮನೆಯ ಪಕ್ಕದಲ್ಲಿ ಮದುವೆಯಾಗದ ಒಬ್ಬ ವೃದ್ಧೆಯ ಮನೆ, ಅದಕ್ಕೊಂದು ಹೂದೋಟ. ಆಕೆ ಗಿಡಗಳ ಬುಡ ಕೆದಕುತ್ತಾಳೆ, ದುರ್ಬೀನು ಹಿಡಿದು ಹಕ್ಕಿಗಳನ್ನು ನೋಡುತ್ತಾಳೆ. ಹಕ್ಕಿಗಳ ಜೊತೆಗೆ ಇನ್ನೇನೇನು ಕಾಣುತ್ತದೆಯೋ ಅದನ್ನೂ ನೋಡುತ್ತಾಳೆ. 1930ರಲ್ಲಿ ಪ್ರಕಟವಾದ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕಾದಂಬರಿಯಲ್ಲಿ ಕರ್ನಲ್ ಪ್ರೊಥೆರೋ ಎಂಬಾತ ಗುಂಡೇಟು ತಿಂದು ಸತ್ತು ಬಿದ್ದಿರುವುದು ಪಾದ್ರಿಯ ಓದುವ ಕೋಣೆಯಲ್ಲಿ. ಕಥೆ ಹೇಳುವವನೂ ಆ ಪಾದ್ರಿಯೇ. ಈ ಮನುಷ್ಯನನ್ನು ಯಾರಾದರೂ ಕೊಂದರೆ ಲೋಕಕ್ಕೆ ಉಪಕಾರವಾದೀತೆಂದು ಕೊಲೆಗೆ ಮುಂಚೆ ಊಟದ ಮೇಜಿನಲ್ಲಿ ನುಡಿದವನೂ ಅವನೇ!

ಓದುಗರು ನಗುತ್ತಾರೆ. ನಾನೂ ನಕ್ಕಿದ್ದೇನೆ. ಒಬ್ಬ ಮನುಷ್ಯ ಸತ್ತಿದ್ದಾನೆ. ಪುಟ ತಿರುವುವ ನಮಗೆ ಚಹಾ ಕುಡಿದಷ್ಟು ಹಿತವಾಗಿದೆ. ಈ ಹಿತ ಎಲ್ಲಿಂದ ಬಂತು? ಅದು ಒಳ್ಳೆಯದೇ, ಕೆಟ್ಟದ್ದೇ? ಪತ್ತೇದಾರಿ ಕಥೆಗಳನ್ನು ಹೊತ್ತು ಕಳೆಯುವ ಸರಕೆಂದು ಬದಿಗೆ ತಳ್ಳುವ ಪಂಡಿತರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅವುಗಳನ್ನು ಪ್ರೀತಿಸುವವರಿಗೂ ಕೇಳುವಷ್ಟು ಪುರಸತ್ತಿಲ್ಲ, ಕೊಲೆಗಾರ ಯಾರೆಂದು ತಿಳಿಯುವ ಅವಸರ. ಆದರೆ ಕೇಳತಕ್ಕ ಪ್ರಶ್ನೆಯೇ ಇದು ಎಂದು ನನಗೆ ತೋರುತ್ತದೆ.

ಕೊಲೆಯ ಕಥೆಗಳೇನೋ ಬಗೆಬಗೆಯಾಗಿವೆ. ಪಟ್ಟಣದ ಕತ್ತಲೆಯ ಓಣಿಯಲ್ಲಿ ನಡೆಯುವ ಕೊಲೆ ಬೇರೆ, ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ನಡೆಯುವ ಕೊಲೆ ಬೇರೆ. ಅಮೆರಿಕದ ರೇಮಂಡ್ ಚಾಂಡ್ಲರ್ 1944ರಲ್ಲಿ ಒಂದು ಲೇಖನ ಬರೆದು ಇಂಗ್ಲಿಷರ ಈ ನಾಜೂಕು ಕೊಲೆಗಳನ್ನು ಗೇಲಿ ಮಾಡಿದ. ತನ್ನ ದೇಶದ ಡ್ಯಾಶಿಯಲ್ ಹ್ಯಾಮೆಟ್ ಕೊಲೆಯನ್ನು ಅಂದದ ಹೂದಾನಿಯಿಂದ ತೆಗೆದು ಬೀದಿಗೆ ಎಸೆದನೆಂಬುದು ಅವನ ಮೆಚ್ಚುಗೆಯ ಮಾತು. ಚಾಂಡ್ಲರನ ಮಾತಿನಲ್ಲಿ ಸತ್ಯವಿದೆ. ನಿಜವಾದ ಕೊಲೆಗಳು ಬಹುಪಾಲು ಕುಡಿತ, ಕೋಪ, ದುಡ್ಡು, ಭಯ ಇವುಗಳ ನಡುವೆ ಆಗುವಂಥವು. ಅವುಗಳಲ್ಲಿ ಒಗಟೇನೂ ಇರುವುದಿಲ್ಲ. ಆದರೂ ಅವನು ಒಂದನ್ನು ಗಮನಿಸಲಿಲ್ಲ. ಹಳ್ಳಿಯ ಕೊಲೆಯ ಕಥೆಯನ್ನು ಜನ ಓದುವುದು ಕೊಲೆಗಾಗಿ ಅಲ್ಲ, ಹಳ್ಳಿಗಾಗಿ.

ಇದನ್ನು ಹೆಚ್ಚು ಆಳವಾಗಿ ಕಂಡವನು ಕವಿ ಆಡೆನ್. 1948ರಲ್ಲಿ ಆತ ಬರೆದ ‘ದಿ ಗಿಲ್ಟಿ ವಿಕರೇಜ್’ ಎಂಬ ಪ್ರಬಂಧ ಈ ವಿಷಯದಲ್ಲಿ ಇಂದಿಗೂ ಓದತಕ್ಕದ್ದು. ಕಥೆ ನಡೆಯುವ ಊರು ಎಷ್ಟು ನಿರ್ಮಲವಾಗಿ ಕಾಣುತ್ತದೆಯೋ ಅಷ್ಟು ಒಳ್ಳೆಯದು, ಏಕೆಂದರೆ ಅಲ್ಲಿ ಹೆಣ ಬಿದ್ದಾಗ ಆಗುವ ಆಘಾತ ಅಷ್ಟು ದೊಡ್ಡದು ಎನ್ನುತ್ತಾನೆ ಆತ. ಏದನ್ ತೋಟದಂಥ ಊರು. ಅಲ್ಲಿ ಪಾಪ ಕಾಲಿಟ್ಟಿದೆ. ಒಬ್ಬರು ಮಾಡಿದ ತಪ್ಪಿಗೆ ಎಲ್ಲರೂ ಸಂಶಯಕ್ಕೆ ಗುರಿಯಾಗುತ್ತಾರೆ. ಹೊರಗಿನಿಂದ ಬಂದ ಪತ್ತೇದಾರ ತಪ್ಪಿತಸ್ಥನನ್ನು ಬೊಟ್ಟುಮಾಡಿ ತೋರಿಸುತ್ತಾನೆ. ಉಳಿದವರೆಲ್ಲರೂ ಒಮ್ಮೆಗೇ ನಿರ್ದೋಷಿಗಳಾಗುತ್ತಾರೆ. ಓದುಗನೂ ಅವರ ಜೊತೆಗೆ ಸೇರಿಕೊಂಡು, ತನ್ನೊಳಗಿನ ಹೆಸರಿಲ್ಲದ ಪಾಪಭೀತಿಯಿಂದ ಒಂದು ರಾತ್ರಿಯ ಮಟ್ಟಿಗೆ ಬಿಡುಗಡೆ ಹೊಂದುತ್ತಾನೆ. ಇದು ಆಡೆನ್ನನ ವಾದದ ಸಾರ. ತನಗೆ ಈ ಓದು ಮದ್ಯದಂತೆಯೇ ಒಂದು ಚಟವೆಂದು ಆತ ಹೇಳಿಕೊಂಡಿದ್ದಾನೆ. ಚಟದ ಮೂಲವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಬಗೆದು ನೋಡಿದ ಚಟಗಾರರು ವಿರಳ.

ಆಡೆನ್ನನ ಈ ಮಾತು ಕ್ರೈಸ್ತ ಮನಸ್ಸಿನಿಂದ ಹುಟ್ಟಿದ್ದು. ಏದನ್ ತೋಟ ನಮ್ಮ ನೆನಪಿನಲ್ಲಿಲ್ಲ. ಆದರೂ ನಮಗೆ ಈ ಕಥೆಗಳು ರುಚಿಸುತ್ತವೆ. ಆದ್ದರಿಂದ ಕಾರಣ ಇನ್ನೊಂದಿರಬೇಕು. ನನಗೆ ಕಾಣುವ ಕಾರಣ ಇದು: ಆ ಊರಿನಲ್ಲಿ ಮನುಷ್ಯ ಮನುಷ್ಯನನ್ನು ಬಲ್ಲ.

ಮಿಸ್ ಮಾರ್ಪಲ್ ಮೊದಲು ಕಾಣಿಸಿಕೊಂಡದ್ದು 1927ರ ಒಂದು ಸಣ್ಣ ಕಥೆಯಲ್ಲಿ. ಅಲ್ಲಿ ಕೆಲವರು ಸೇರಿ ವಿಚಿತ್ರವಾದ ಅಪರಾಧಗಳನ್ನು ಕುರಿತು ಮಾತನಾಡುತ್ತಿರುವಾಗ, ಈ ಮುದುಕಿ ಸೀಗಡಿಯ ವಿಷಯ ತೆಗೆಯುತ್ತಾಳೆ. ಊರಿನ ಹೆಂಗಸೊಬ್ಬಳು ಒಂದಿಷ್ಟು ಸೀಗಡಿ ಕೊಂಡಳು, ಇನ್ನೆರಡು ಅಂಗಡಿಗೆ ಹೋಗಿ ಮನೆಗೆ ಬಂದಳು, ನೋಡಿದರೆ ಸೀಗಡಿ ಇಲ್ಲ! ಇದು ಎಂಥ ಆಶ್ಚರ್ಯ ಎನ್ನುತ್ತಾಳೆ. ಕೇಳಿದವರು ಸಹನೆಯಿಂದ ಮುಗುಳ್ನಗುತ್ತಾರೆ. ಆದರೆ ಕಥೆಯ ಕೊನೆಯಲ್ಲಿ ವಿಷಪ್ರಯೋಗದ ಗುಟ್ಟನ್ನು ಒಡೆಯುವವಳು ಅವಳೇ, ವಕೀಲನೂ ಅಲ್ಲ, ಪೊಲೀಸಿನ ನಿವೃತ್ತ ಅಧಿಕಾರಿಯೂ ಅಲ್ಲ. ಸಾಹಿತಿಯಾದ ಅವಳ ಸೋದರಳಿಯ ಸೇಂಟ್ ಮೇರಿ ಮೀಡನ್ನು ಹರಿವಿಲ್ಲದ ಕೊಳವೆಂದು ಹಳಿದಾಗ, ಅಂಥ ಕೊಳದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದರಷ್ಟು ಜೀವ ತುಂಬಿದ್ದು ಇನ್ನೊಂದಿಲ್ಲವೆಂದು ಆಕೆ ಮೆಲ್ಲನೆ ಉತ್ತರ ಕೊಡುತ್ತಾಳೆ. ಪಾಪ, ಸೋದರಳಿಯ! ಸಾಹಿತಿಗಳಿಗೆ ಮನೆಯ ಹಿರಿಯ ಹೆಂಗಸರಿಂದ ಆಗಾಗ ಇಂಥ ಪಾಠವಾಗುವುದುಂಟು.

ಅವಳ ವಿಧಾನ ಸುಲಭವಾದದ್ದು. ಹೊಸಬನೊಬ್ಬನನ್ನು ಕಂಡರೆ ಅವಳಿಗೆ ತನ್ನೂರಿನ ಯಾರೋ ನೆನಪಾಗುತ್ತಾರೆ: ಒಬ್ಬ ಅಂಗಡಿಯವನು, ಒಬ್ಬ ಕೆಲಸದ ಹುಡುಗಿ, ಲೆಕ್ಕ ತಪ್ಪಿಸಿದ ಒಬ್ಬ ಗುಮಾಸ್ತ. ಇವನೂ ಅವನ ಹಾಗೆಯೇ ನಗುತ್ತಾನೆ, ಅವನು ಹೀಗೆ ಮಾಡಿದ್ದ, ಆದ್ದರಿಂದ ಇವನೂ... ಎಂದು ಅವಳ ಬುದ್ಧಿ ಓಡುತ್ತದೆ. ಮನುಷ್ಯ ಸ್ವಭಾವ ಎಲ್ಲೆಡೆಯೂ ಒಂದೇ, ಹಳ್ಳಿಯಲ್ಲಿ ಅದನ್ನು ಹತ್ತಿರದಿಂದ ನೋಡುವ ಅವಕಾಶ ಹೆಚ್ಚು ಎಂಬುದು ಅವಳ ಸಿದ್ಧಾಂತ. ನಮ್ಮ ಅಜ್ಜಿಯರೂ ಹೀಗೆಯೇ ಅಲ್ಲವೇ? ಹೆಣ್ಣು ನೋಡಲು ಬಂದ ಹುಡುಗ ಜಗಲಿಯಲ್ಲಿ ಚಪ್ಪಲಿ ಬಿಟ್ಟ ರೀತಿಯಿಂದ ಅವನ ವಂಶವನ್ನೆಲ್ಲ ಹೇಳಿಬಿಡುತ್ತಿದ್ದ ಅಜ್ಜಿಯರು ಪ್ರತಿ ಬೀದಿಯಲ್ಲಿಯೂ ಇದ್ದರು. ತರ್ಕಶಾಸ್ತ್ರದ ಭಾಷೆಯಲ್ಲಿ ಇದು ಉಪಮಾನ ಪ್ರಮಾಣದ ಸೋದರಿ ಎನ್ನಬಹುದೇನೋ.

ಆದರೆ ಇಲ್ಲಿಯೇ ನನ್ನ ಅನುಮಾನ ಮೊದಲಾಗುತ್ತದೆ. ಅವನ ಹಾಗೆ ನಗುವುದರಿಂದ ಇವನು ಕಳ್ಳ ಎನ್ನುವುದು ಜ್ಞಾನವೋ, ಪೂರ್ವಗ್ರಹವೋ? ಮಿಸ್ ಮಾರ್ಪಲ್ ಊಹಿಸಿದ್ದು ಸರಿಯಾಗುವುದು ಕ್ರಿಸ್ಟಿ ಅವಳ ಕೈ ಹಿಡಿದಿರುವುದರಿಂದ. ಕೊನೆಯ ಅಧ್ಯಾಯವನ್ನು ಬರೆಯುವ ಲೇಖನಿ ಅವಳ ಪಕ್ಷದಲ್ಲಿದೆ. ಹೊರಗಿನ ಲೋಕದ ಅಜ್ಜಿಯರಿಗೆ ಆ ಅನುಕೂಲವಿಲ್ಲ. ಅವರ ಊಹೆ ಹತ್ತು ಸಲ ನಿಜವಾಗಿ ಹನ್ನೊಂದನೆಯ ಸಲ ಸುಳ್ಳಾದರೆ, ಆ ಹನ್ನೊಂದನೆಯವನ ಗತಿಯೇನು?

ಕ್ರಿಸ್ಟಿಗೆ ಈ ಪ್ರಶ್ನೆ ಹೊಳೆಯದೆ ಇರಲಿಲ್ಲ. 1942ರ ‘ದಿ ಬಾಡಿ ಇನ್ ದಿ ಲೈಬ್ರರಿ’ ಕಾದಂಬರಿಯಲ್ಲಿ ಕರ್ನಲ್ ಬ್ಯಾಂಟ್ರಿ ಎಂಬ ಗೌರವಸ್ಥನ ಪುಸ್ತಕದ ಕೋಣೆಯಲ್ಲಿ ಒಂದು ಬೆಳಗ್ಗೆ ಯುವತಿಯೊಬ್ಬಳ ಶವ ಸಿಕ್ಕುತ್ತದೆ. ಅವಳು ಯಾರೆಂದೂ ಅವನಿಗೆ ಗೊತ್ತಿಲ್ಲ. ಊರಿನ ನಾಲಿಗೆಗೆ ಅಷ್ಟು ಸಾಕು. ಮಧ್ಯಾಹ್ನದೊಳಗೆ ಸುದ್ದಿ ಮನೆಮನೆಗೆ ಹೋಗಿ ಪ್ರತಿ ಮನೆಯಲ್ಲಿಯೂ ಒಂದು ರೆಕ್ಕೆ ಹಚ್ಚಿಕೊಳ್ಳುತ್ತದೆ. ಮಿಸ್ ಮಾರ್ಪಲ್ ಹೆದರುವುದು ಪೊಲೀಸರಿಗಲ್ಲ. ಕರ್ನಲನನ್ನು ಯಾರೂ ಬಂಧಿಸಲಾರರು. ಕೊಲೆಗಾರ ಸಿಕ್ಕದೆ ಹೋದರೆ ಊರವರು ಅವನನ್ನು ಊಟಕ್ಕೆ ಕರೆಯುವುದನ್ನು ನಿಲ್ಲಿಸುತ್ತಾರೆ, ಎದುರು ಸಿಕ್ಕರೆ ಬೇರೆ ಕಡೆ ನೋಡುತ್ತಾರೆ, ಅವನು ಮೆಲ್ಲಮೆಲ್ಲನೆ ಮನೆಯೊಳಗೇ ಮುದುಡಿಕೊಳ್ಳುತ್ತಾನೆ ಎಂಬುದು ಅವಳ ಭಯ. ಕೊಲೆಯಾದವಳಿಗೆ ನ್ಯಾಯ ದೊರಕಿಸುವಷ್ಟೇ ತೀವ್ರವಾಗಿ, ಬದುಕಿರುವ ಒಬ್ಬನನ್ನು ಊರ ಬಾಯಿಂದ ಉಳಿಸಲು ಆಕೆ ಹೊರಡುತ್ತಾಳೆ. ನನಗೆ ಆಕೆಯ ಬಗ್ಗೆ ನಿಜವಾದ ಗೌರವ ಹುಟ್ಟಿದ್ದು ಈ ಪುಸ್ತಕದಿಂದ. ಸಂಶಯವನ್ನು ಹುಟ್ಟಿಸುವುದೂ ಹಳ್ಳಿಯೇ, ಅದರ ರುಚಿ ಬಲ್ಲ ಹಳ್ಳಿಯ ಮುದುಕಿಯೇ ಅದಕ್ಕೆ ಮದ್ದು ಹುಡುಕುತ್ತಾಳೆ.

ಸಂಶಯದಿಂದ ಬಿಡುಗಡೆ ಎಂಬುದು ಎಷ್ಟು ಪೂರ್ಣವಾದೀತು ಎಂದು ಯೋಚಿಸುವಾಗ ನನಗೆ ನೆನಪಾಗುವುದು ಮಹಾಭಾರತದ ಆದಿಪರ್ವದ ಅಣಿಮಾಂಡವ್ಯನ ಕಥೆ. ಮೌನವ್ರತ ಹಿಡಿದು ಆಶ್ರಮದ ಮರದಡಿಯಲ್ಲಿ ತೋಳೆತ್ತಿ ನಿಂತ ಋಷಿ. ಕಳ್ಳರು ಕದ್ದ ಮಾಲನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಕೇಳಿದರೆ ಋಷಿ ಮಾತನಾಡಲಿಲ್ಲ. ಹುಡುಕಿದರೆ ಮಾಲು ಸಿಕ್ಕಿತು. ಕಳ್ಳರ ಜೊತೆಗೆ ಅವನನ್ನೂ ಶೂಲಕ್ಕೇರಿಸಿದರು. ಶೂಲದ ಮೇಲೆಯೂ ಅವನು ಸಾಯಲಿಲ್ಲ. ಸತ್ಯ ತಿಳಿದ ರಾಜ ಓಡಿಬಂದು ಕ್ಷಮೆ ಬೇಡಿದ. ಶೂಲವನ್ನು ಹೊರಗೆಳೆಯಲು ನೋಡಿದರು, ಬರಲಿಲ್ಲ. ಕೊನೆಗೆ ಬುಡದಲ್ಲಿ ಕತ್ತರಿಸಿದರು. ಮೈಯೊಳಗೆ ಉಳಿದ ಆ ಮೊನೆಯನ್ನು ಹೊತ್ತುಕೊಂಡೇ ಅವನು ಮುಂದಿನ ಬಾಳೆಲ್ಲ ತಿರುಗಿದ. ಅವನ ಹೆಸರಿಗೆ ‘ಅಣಿ’ ಸೇರಿಕೊಂಡದ್ದು ಹೀಗೆ. ರಾಜನ ಕ್ಷಮಾಪಣೆ ನಿಜ, ಬಿಡುಗಡೆ ನಿಜ, ಮೊನೆಯೂ ನಿಜ.

ನನ್ನ ತಾಯಿಯ ತವರೂರಿನಲ್ಲಿ ದೇವಸ್ಥಾನದ ಒಂದು ಬೆಳ್ಳಿಯ ಪಂಚಪಾತ್ರೆ ಕಳುವಾಗಿತ್ತಂತೆ. ಅದು ನಾನು ಹುಟ್ಟುವ ಮೊದಲಿನ ಮಾತು. ಗುಡಿಯ ಪರಿಚಾರಕನ ಮೇಲೆ ಅನುಮಾನ ಬಂತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಪಂಚಾಯಿತಿ ಸೇರಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ನಾನು ಹುಡುಗನಾಗಿ ಬೇಸಗೆಯ ರಜೆಗೆ ಅಲ್ಲಿಗೆ ಹೋದಾಗ ಆತ ಮುದುಕ. ಹಬ್ಬದ ದಿನ ಪ್ರಸಾದ ಹಿಡಿದು ಮನೆಗೆ ಬರುತ್ತಿದ್ದ. ಬಂದಾಗ ನಮ್ಮ ಅಜ್ಜಿ ಬಹಳ ವಿಶ್ವಾಸದಿಂದ “ಬನ್ನಿ, ಕೂತುಕೊಳ್ಳಿ, ಮಜ್ಜಿಗೆ ಕುಡೀರಿ” ಎನ್ನುತ್ತಿದ್ದರು. ಮಜ್ಜಿಗೆ ತರಲು ಒಳಗೆ ಹೋಗುವಾಗ ನಡುಮನೆಯಲ್ಲಿದ್ದ ಬೆಳ್ಳಿಯ ಚೊಂಬನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಿದ್ದರು. ಅದೇನೂ ಮುದ್ದಾಮಾಗಿ ಮಾಡಿದ್ದಲ್ಲ. ಕೈ ತಾನಾಗಿ ಚಾಚುತ್ತಿತ್ತು. ಅವನಿಗೆ ಅದು ಕಾಣುತ್ತಿತ್ತು. ಕದ್ದವನು ಅವನೋ ಅಲ್ಲವೋ ಇಂದಿಗೂ ಯಾರಿಗೂ ತಿಳಿಯದು. ಆ ಊರಿಗೆ ಮಿಸ್ ಮಾರ್ಪಲ್ ಬರಲಿಲ್ಲ. ಎಲ್ಲರನ್ನೂ ನಡುಮನೆಯಲ್ಲಿ ಕೂಡಿಸಿ, ಇವನು ನಿರ್ದೋಷಿ, ಕಳ್ಳ ಇಗೋ ಇಲ್ಲಿದ್ದಾನೆ ಎಂದು ಹೇಳುವ ಕೊನೆಯ ಅಧ್ಯಾಯ ಅವನ ಬಾಳಿನಲ್ಲಿ ಬರಲೇ ಇಲ್ಲ.

ಹಳ್ಳಿಯ ಪತ್ತೇದಾರಿ ಕಥೆ ನಮಗೆ ಕೊಡುವುದು ಆ ಅಧ್ಯಾಯವನ್ನು. ಯಾರು ಕೊಂದರು ಎಂಬ ಉತ್ತರಕ್ಕಿಂತ, ಯಾರು ಕೊಲ್ಲಲಿಲ್ಲ ಎಂಬ ಉತ್ತರ ಹೆಚ್ಚು ಬೆಲೆಯುಳ್ಳದ್ದು. ಒಟ್ಟಿಗೆ ಬಾಳುವ ಜನರಲ್ಲಿ ಸಂಶಯ ಎಷ್ಟು ಸುಲಭವಾಗಿ ಹುಟ್ಟಿ ಎಷ್ಟು ಕಷ್ಟದಿಂದ ಸಾಯುತ್ತದೆಂದು ಬಲ್ಲವರಿಗೆ, ಅದನ್ನು ಬೇರುಸಹಿತ ಕಿತ್ತುಹಾಕುವ ಕಥೆ ಹಿತವಾಗದೆ ಇದ್ದೀತೇ? ಈ ಹಿತದಲ್ಲಿ ಕೆಟ್ಟದ್ದೇನನ್ನೂ ನಾನು ಕಾಣೆ.

ಆದರೆ ಕಥೆ ಕೆಲವನ್ನು ಬಚ್ಚಿಡುತ್ತದೆ. ಮೊದಲನೆಯದು, ದುಃಖ. ಸತ್ತವನು ಸಾಮಾನ್ಯವಾಗಿ ಜಿಪುಣ, ಜಗಳಗಂಟ, ಇಲ್ಲವೆ ಸದ್ಯದಲ್ಲಿಯೇ ಊರಿಗೆ ಬಂದವನು. ಅವನಿಗಾಗಿ ಅಳುವವರಿಲ್ಲದಂತೆ ಕಥೆಗಾರರು ಏರ್ಪಾಡು ಮಾಡಿರುತ್ತಾರೆ. ಇನ್ನೊಂದು, ಮರುದಿನ. ತನಿಖೆಯ ಕಾಲದಲ್ಲಿ ಕೊಲೆಗೆ ಸಂಬಂಧವೇ ಇಲ್ಲದ ಎಷ್ಟೋ ಗುಟ್ಟುಗಳು ಬಯಲಾಗಿವೆ: ಒಬ್ಬಳ ಹಳೆಯ ಮದುವೆ, ಒಬ್ಬನ ಸಾಲ, ಇನ್ನೊಬ್ಬನ ಸುಳ್ಳು ಪದವಿ. ಕೊಲೆಗಾರನನ್ನು ಕರೆದುಕೊಂಡು ಹೋದ ಮೇಲೆ ಇವರೆಲ್ಲ ಅದೇ ಬೀದಿಯಲ್ಲಿ ಹಾಲು, ರೊಟ್ಟಿ ಕೊಳ್ಳಲು ಹೋಗಬೇಕಷ್ಟೆ? ನೆರೆಯವನು ತನ್ನನ್ನು ಕೊಲೆಗಾರನೆಂದು ಎಂಟು ದಿನ ನಂಬಿದ್ದನೆಂಬುದು ತಿಳಿದ ಮೇಲೆ ಅವನ ಮನೆಯ ಬಾಗಿಲು ತಟ್ಟುವುದು ಹೇಗೆ? ಆ ಪುಟಗಳನ್ನು ಬರೆದವರು ಕಡಿಮೆ.

ಬರೆದವರಲ್ಲಿ ಡೊರೊತಿ ಸೇಯರ್ಸ್ ಒಬ್ಬಳು. 1937ರ ‘ಬಸ್‌ಮನ್ಸ್ ಹನಿಮೂನ್’ ಕಾದಂಬರಿಯಲ್ಲಿ ಪತ್ತೇದಾರ ಲಾರ್ಡ್ ಪೀಟರ್ ವಿಮ್ಸೆ ಮದುವೆಯಾಗಿ ಹೆಂಡತಿಯೊಡನೆ ಒಂದು ಹಳ್ಳಿಯ ಹಳೆಯ ಮನೆಗೆ ಬರುತ್ತಾನೆ. ಆ ಮನೆಯ ನೆಲಮಾಳಿಗೆಯಲ್ಲಿ ಹೆಣ. ಆತ ಕೊಲೆಗಾರನನ್ನು ಹಿಡಿಯುತ್ತಾನೆ. ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರು. ಸೇಯರ್ಸ್ ಮುಗಿಸಲಿಲ್ಲ. ತಾನು ಹಿಡಿದುಕೊಟ್ಟವನ ಪರವಾಗಿ ವಾದಿಸಲು ಪೀಟರನೇ ದೊಡ್ಡ ವಕೀಲನನ್ನು ಗೊತ್ತುಮಾಡುತ್ತಾನೆ; ಶಿಕ್ಷೆಯಾದ ಮೇಲೆ ಅವನನ್ನು ಕಂಡು ಕ್ಷಮೆ ಕೇಳುತ್ತಾನೆ; ಅದು ದೊರೆಯುವುದಿಲ್ಲ. ನೇಣಿನ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ಕಳೆದು, ಬೆಳಗ್ಗೆ ಎಂಟು ಹೊಡೆಯುವಾಗ ಹೆಂಡತಿಯ ತೋಳಿನಲ್ಲಿ ಮುಖವಿಟ್ಟು ಅಳುತ್ತಾನೆ. ಆ ಹೆಂಡತಿ ಕೂಡ ಹಿಂದೊಮ್ಮೆ ಮಾಡದ ಕೊಲೆಗಾಗಿ ಕಟಕಟೆಯಲ್ಲಿ ನಿಂತವಳು, ಅವನಿಂದ ಬದುಕಿಕೊಂಡವಳು. ಬ್ರಿಟನ್ನಿನಲ್ಲಿ ಕೊನೆಯದಾಗಿ ನೇಣು ಹಾಕಿದ್ದು 1964ರಲ್ಲಿ. ಮರುವರ್ಷ ಕೊಲೆಗೆ ಮರಣದಂಡನೆಯನ್ನು ತಡೆಹಿಡಿದರು, 1969ರಲ್ಲಿ ಅದು ಖಾಯಂ ಆಯಿತು. ಅಂದರೆ ಈ ಕಥೆಗಳ ಒಳ್ಳೆಯ ಕಾಲದಲ್ಲಿ ಪತ್ತೇದಾರ ಬೊಟ್ಟುಮಾಡಿ ತೋರಿಸಿದ್ದರ ಅರ್ಥ ಒಂದು ಕುತ್ತಿಗೆ. ಹೆಣೆಯುವ ಉಣ್ಣೆಯ ಮರೆಯಲ್ಲಿ ನಾವು ಅದನ್ನು ಮರೆಯುತ್ತೇವೆ.

ಮತ್ತೊಂದು ತೊಡಕಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ‘ಎಲ್ಲರೂ’ ಎಂದರೆ ಯಾರು? 1950ರ ‘ಎ ಮರ್ಡರ್ ಇಸ್ ಅನೌನ್ಸ್ಡ್’ ಕಾದಂಬರಿಯಲ್ಲಿ ಮಿಸ್ ಮಾರ್ಪಲ್ ಹದಿನೈದು ವರ್ಷದ ಹಿಂದಿನ ಕಾಲವನ್ನು ನೆನೆಯುತ್ತಾಳೆ. ಆಗ ಊರಿನ ಪ್ರತಿಯೊಬ್ಬರ ಅಪ್ಪ ಅಜ್ಜ ಯಾರೆಂದು ತಿಳಿದಿತ್ತು; ಹೊಸಬರು ಬಂದರೆ ಪರಿಚಯದ ಪತ್ರ ತರುತ್ತಿದ್ದರು. ಯುದ್ಧದ ಮೇಲೆ ಹಾಗಿಲ್ಲ. ಇಂಡಿಯದಿಂದ, ಚೀನಾದಿಂದ, ಹಾಂಗ್ ಕಾಂಗಿನಿಂದ ಬಂದವರು ಮನೆ ಹಿಡಿದು ಕೂರುತ್ತಾರೆ. ಅವರು ಯಾರೆಂಬುದಕ್ಕೆ ಅವರು ಹೇಳಿದ್ದೇ ಆಧಾರ. ಇಲ್ಲಿ ಇಂಡಿಯದವರೆಂದರೆ ನಾವಲ್ಲ. ನಮ್ಮಲ್ಲಿ ಚಾಕರಿ ಮಾಡಿ ಮನೆಗೆ ಮರಳಿದ ದೊರೆಗಳು! 1947ರಲ್ಲಿ ನಾವು ಬೀಳ್ಕೊಟ್ಟವರು ಅಲ್ಲಿನ ಹಳ್ಳಿಗಳಲ್ಲಿ ಗುರುತಿಲ್ಲದ ಹೊಸಬರಾಗಿ ಸಂಶಯಕ್ಕೆ ಗುರಿಯಾದರೆಂಬುದನ್ನು ಓದುವಾಗ ಯಾರಿಗಾದರೂ ಸಣ್ಣ ನಗು ಬಾರದಿರದು.

ಆದರೆ ನಗು ನಿಲ್ಲುವ ಜಾಗವೂ ಇದೆ. ‘ಮಿಡ್‌ಸೊಮರ್ ಮರ್ಡರ್ಸ್’ ಎಂಬ ದೂರದರ್ಶನ ಸರಣಿ 1997ರಲ್ಲಿ ಪ್ರಾರಂಭವಾದದ್ದು. ಇಂಗ್ಲೆಂಡಿನ ಒಂದು ಕಲ್ಪಿತ ಸೀಮೆಯ ಚೆಲುವಾದ ಹಳ್ಳಿಗಳಲ್ಲಿ ವಾರವಾರ ಕೊಲೆ. ಬೇರೆ ಬೇರೆ ದೇಶಗಳಲ್ಲಿ ಅದನ್ನು ಮೆಚ್ಚಿ ನೋಡಿದ್ದಾರೆ. 2011ರಲ್ಲಿ ಅದರ ನಿರ್ಮಾಪಕರೊಬ್ಬರು, ಬೇರೆ ಬಣ್ಣದ ಜನ ಬಂದರೆ ಆ ಹಳ್ಳಿ ಇಂಗ್ಲಿಷ್ ಹಳ್ಳಿಯಾಗಿ ಉಳಿಯದು ಎಂಬರ್ಥದ ಮಾತನಾಡಿ ಕೋಲಾಹಲವಾಯಿತು; ಅವರನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಟ್ಟರು. ಯೋಚಿಸಿದರೆ ವಿಚಿತ್ರ. ಆ ಊರಿನಲ್ಲಿ ಕೊಲೆಗಾರನಿಗೆ ಜಾಗವಿದೆ, ಅಪರಿಚಿತನಿಗೆ ಇಲ್ಲ! ಒಗ್ಗಟ್ಟಿನ ಊರನ್ನು ನೆನೆದು ಕಣ್ಣು ಒದ್ದೆಮಾಡಿಕೊಳ್ಳುವಾಗ, ಅದರ ಒಗ್ಗಟ್ಟಿಗೆ ಯಾವ ಕೇರಿಯವರು ಹೊರಗಿದ್ದರೆಂದು ಕೇಳಿಕೊಳ್ಳುವುದು ನಮಗೂ ಅನ್ವಯಿಸುವ ಮಾತು. ದೇವಸ್ಥಾನದ ಪಂಚಪಾತ್ರೆ ಕಳುವಾದಾಗ ಆ ಪರಿಚಾರಕನ ಮೇಲಾದರೋ ಮೌನದ ಸಂಶಯ. ಊರ ಹೊರಗಿನ ಕೇರಿಯವನ ಮೇಲೆ ಬಂದಿದ್ದರೆ ಅದು ಇಷ್ಟು ಮೌನವಾಗಿ ಇರುತ್ತಿತ್ತೆಂದು ನಾನು ನಂಬಲಾರೆ.

1962ರಲ್ಲಿ ಬಂದ ‘ದಿ ಮಿರರ್ ಕ್ರ್ಯಾಕ್ಡ್’ ಕಾದಂಬರಿಯ ಹೊತ್ತಿಗೆ ಸೇಂಟ್ ಮೇರಿ ಮೀಡ್ ಬದಲಾಗಿದೆ. ಹೊಲಗಳಿದ್ದ ಕಡೆ ಸಾಲುಮನೆಗಳ ಬಡಾವಣೆ, ಹಳೆಯ ಅಂಗಡಿಯ ಜಾಗದಲ್ಲಿ ಸೂಪರ್‌ಮಾರ್ಕೆಟ್. ವಯಸ್ಸಾದ ಮಿಸ್ ಮಾರ್ಪಲ್ ಒಂದು ದಿನ ಯಾರಿಗೂ ಹೇಳದೆ ಬಡಾವಣೆಯ ಕಡೆ ನಡೆದುಹೋಗುತ್ತಾಳೆ, ಎಡವಿ ಬೀಳುತ್ತಾಳೆ, ಎಂದೂ ಕಂಡರಿಯದ ಹೆಂಗಸೊಬ್ಬಳು ಓಡಿಬಂದು ಎತ್ತಿ, ಮನೆಗೆ ಕರೆದೊಯ್ದು ಚಹಾ ಕೊಡುತ್ತಾಳೆ. ಮನೆಗಳು ಬೇರೆ, ಉಡುಪು ಬೇರೆ, ಮನುಷ್ಯರು ಮಾತ್ರ ಮೊದಲಿನವರೇ ಎಂದು ಮುದುಕಿಗೆ ಅನ್ನಿಸುತ್ತದೆ.

ಬೆಂಗಳೂರಿನಲ್ಲಿ ನಾನಿರುವ ವಸತಿಗೃಹದಲ್ಲಿ ಅರವತ್ತನಾಲ್ಕು ಮನೆಗಳಿವೆ. ಮೇಲಿನ ಮಹಡಿಯವರ ಹೆಸರು ನನಗೆ ತಿಳಿದದ್ದು ಅವರಿಗೆ ಬಂದ ಪಾರ್ಸೆಲ್ಲಿನ ಮೇಲಿನ ಚೀಟಿಯಿಂದ. ಕಳೆದ ವರ್ಷ ಇಂಥದೇ ಒಂದು ಪಾರ್ಸೆಲ್ಲು ಕಾಣೆಯಾಯಿತು. ಗೇಟಿನ ಕಾವಲುಗಾರ ಹುಡುಗ ಯಾವ ಊರಿನವನೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ವಾಟ್ಸಾಪಿನ ಗುಂಪಿನಲ್ಲಿ ಅವನ ಮೇಲೆ ಸಂಶಯ ಹುಟ್ಟಲು ಇಪ್ಪತ್ತು ನಿಮಿಷ ಹಿಡಿಯಲಿಲ್ಲ. ಸಂಜೆಯ ಹೊತ್ತಿಗೆ ಕ್ಯಾಮೆರಾದ ಚಿತ್ರ ತೆಗೆಸಿ ನೋಡಿದರು. ಪಾರ್ಸೆಲ್ಲು ತಪ್ಪಿ ಬೇರೆ ಮನೆಗೆ ಹೋಗಿತ್ತು. ಗುಂಪಿನಲ್ಲಿ ಒಬ್ಬರು ಕೈಮುಗಿದ ಚಿತ್ರ ಹಾಕಿದರು, ಮಾತು ನೀರಿನ ಟ್ಯಾಂಕರಿನ ಕಡೆ ಹೊರಳಿತು. ಹುಡುಗನಿಗೆ ಆ ಗುಂಪಿನಲ್ಲಿ ಸ್ಥಾನವಿಲ್ಲ. ಆದ್ದರಿಂದ ತನ್ನನ್ನು ಸಂಶಯಿಸಿದ್ದೂ ಬಿಟ್ಟುಕೊಟ್ಟದ್ದೂ ಅವನಿಗೆ ತಿಳಿಯಿತೋ ಇಲ್ಲವೋ. ಮರುದಿನ ಬೆಳಗ್ಗೆ ನಾನು ಕಾಲೇಜಿಗೆ ಹೊರಟಾಗ ಅವನು ಎಂದಿನಂತೆ ಎದ್ದು ಗೇಟು ತೆಗೆದ. ಹೆಸರು ಕೇಳಿದೆ. ಹೇಳಿದ, ಊರು ಯಾವುದೆಂದೂ ಹೇಳಿದ. ಏಕೆ ಕೇಳುತ್ತಿದ್ದೇನೆಂದು ಸ್ವಲ್ಪ ಹೆದರಿದವನಂತೆ ನನ್ನ ಮುಖ ನೋಡಿದ.